ಮೂಗು ಮುಚ್ಚದ ಡಾಕ್ಟರು

ಅವರ ಎಡಗೈ ಬಲಗೈಗಿಂತ ಬಿಳಿಚಿಕೊಂಡಿತ್ತು. ಬೆರಳ ತುದಿಯಿಂದ ಭುಜದವರೆಗೆ ಕೂದಲಿಲ್ಲದೆ, ನೀರಲ್ಲಿ ನೆನೆದ ಹಾಗೆ ಸುಕ್ಕುಗಟ್ಟಿ, ಬೇರೆ ಯಾರದೋ ಕೈಯನ್ನು ತಂದು ಜೋಡಿಸಿದಂತೆ ಕಾಣುತ್ತಿತ್ತು. ನೌಕರಿಯ ಉದ್ದಕ್ಕೂ ಆ ಕೈಯನ್ನು ದನಗಳ ಹಿಂದಿನಿಂದ ಒಳಗೆ ತೂರಿಸಿ, ಹೊರಗೆ ತೆಗೆದು, ಸೋಪು ಹಾಕಿ ಉಜ್ಜಿದ ಫಲ ಅದು. ಉದ್ದನೆಯ ಪ್ಲಾಸ್ಟಿಕ್ ಗ್ಲೌಸು ಚೀಲದಲ್ಲಿ ಇರುತ್ತಿತ್ತು. ಅದನ್ನು ಹಾಕಿದರೆ ಬೆರಳಿಗೆ ಏನೂ ತಿಳಿಯುವುದಿಲ್ಲ ಎಂದು ಹಾಕುತ್ತಿರಲಿಲ್ಲ. ಕೈ ಒಳಗಿಡುವ ಮೊದಲು ಅಂಗಿ ಬಿಚ್ಚಿ, ಎದೆಯ ಮೇಲಿನ ಬೆಳ್ಳಿ ಕರಡಿಗೆಯನ್ನು ಬೆನ್ನ ಕಡೆಗೆ ತಿರುಗಿಸಿಕೊಳ್ಳುತ್ತಿದ್ದರು. ಲಿಂಗಕ್ಕೆ ಸಗಣಿ ಸಿಡಿಯಬಾರದು. ಕೆಲಸ ಮುಗಿದ ಮೇಲೆ ಅದೇ ಎಡಗೈಯಲ್ಲಿ ಕಾಫಿ ಲೋಟ ಹಿಡಿಯುತ್ತಿದ್ದರು. ಕೈ ತೊಳೆದಿದ್ದನ್ನು ನಾನು ಕಣ್ಣಾರೆ ನೋಡಿರುತ್ತಿದ್ದೆ. ಆದರೂ ಎದುರಿಗೆ ಕೂತು ನನ್ನ ಕಾಫಿ ಕುಡಿಯಲು ಆಗುತ್ತಿರಲಿಲ್ಲ.

ಕುದೂರು, ವಿರೂಪಾಕ್ಷಿಪುರ, ಕನಕಪುರದ ಸುತ್ತಮುತ್ತ ಸರ್ಕಾರಿ ಪಶುವೈದ್ಯರಾಗಿ ಕೆಲಸ ಮಾಡಿ ನಿವೃತ್ತರಾದವರು ಅವರು. ಎಲ್ಲ ಊರುಗಳಲ್ಲೂ ಅವರಿಗೆ ಇದ್ದದ್ದು ಒಂದೇ ಹೆಸರು, ದನದ ಡಾಕ್ಟ್ರು. ನಿವೃತ್ತಿಯ ಮೇಲೆ ರಾಮನಗರದಲ್ಲಿ ಮನೆ ಮಾಡಿಕೊಂಡು, ಯಾರು ಕರೆದರೂ ಸ್ಕೂಟರಿನಲ್ಲಿ ಹೋಗುತ್ತಿದ್ದರು. ನಾನು ಅವರನ್ನು ಕಂಡದ್ದು ಆ ದಿನಗಳಲ್ಲಿ, ಕೊರೊನಾ ಕಾಲ ಮುಗಿದ ಮೇಲೆ. ನಾನು ಅದೇ ಊರಿನಲ್ಲಿ ಒಂದು ಪತ್ರಿಕೆಗೆ ವರದಿ ಮಾಡುತ್ತೇನೆ. ಪ್ಲಾಸ್ಟಿಕ್ ನುಂಗಿದ ಹಸುವೊಂದರ ಹೊಟ್ಟೆ ಕೊಯ್ಯುತ್ತಾರೆ ಎಂದು ಯಾರೋ ಫೋನ್ ಮಾಡಿದ್ದರು. ಹೋದೆ.

ಹಸು ನಿಂತೇ ಇತ್ತು. ನಿಂತಂತೆಯೇ ಅದರ ಎಡ ಪಕ್ಕೆಯನ್ನು ಕೊಯ್ದು, ಒಳಗಿನ ದೊಡ್ಡ ಹೊಟ್ಟೆಯ ಅಂಚನ್ನು ಹೊರಗೆಳೆದು ಹೊಲಿಗೆ ಹಾಕಿ ಹಿಡಿದಿದ್ದರು. ಆ ತೂತಿನೊಳಗೆ ಡಾಕ್ಟರ ಕೈ ಭುಜದವರೆಗೆ ಹೋಗಿ ಬರುತ್ತಿತ್ತು. ಪ್ರತಿ ಸಲ ಹೊರಬಂದಾಗಲೂ ಮುಷ್ಟಿಯಲ್ಲಿ ಏನಾದರೂ ಇರುತ್ತಿತ್ತು. ಕ್ಯಾರಿ ಬ್ಯಾಗು, ಹಾಲಿನ ಕವರು, ಮದುವೆ ಊಟದ ಪ್ಲಾಸ್ಟಿಕ್ ಎಲೆ, ನೈಲಾನ್ ಹಗ್ಗ, ಮಗುವಿನ ಡೈಪರು. ಎಲ್ಲವೂ ಕರಗದೆ, ಹಸಿರು ಲೋಳೆ ಹತ್ತಿಕೊಂಡು, ಒಂದಕ್ಕೊಂದು ಹೆಣೆದುಕೊಂಡು ಹೊರಗೆ ಬರುತ್ತಿದ್ದವು. ಡೈಪರಿನೊಳಗೆ ಅದರ ಮೂಲದ ವಸ್ತು ಇನ್ನೂ ಇತ್ತು. ನಾನು ದುಪಟ್ಟಾದಿಂದ ಮೂಗು ಮುಚ್ಚಿ ಗೋಡೆಗೆ ಒರಗಿದೆ.

"ಪೇಪರಮ್ಮ, ಮೂಗು ಬಿಡಿ," ಅಂದರು ಅವರು, ತಿರುಗಿ ನೋಡದೆ. "ಏನ್ ವಾಸ್ನೆ ಬತ್ತೈತೆ ಹೇಳಿ."

"ಗಬ್ಬು ಸಾರ್."

"ಗಬ್ಬು ಅಂದ್ರೆ ನಂಗೇನು ಗೊತ್ತಾಯ್ತದೆ. ಹುಳಿಯೋ, ಕೊಳೆತಿದ್ದೋ, ಸುಟ್ಟಿದ್ದೋ?"

ದುಪಟ್ಟಾ ತೆಗೆದು ಒಮ್ಮೆ ಉಸಿರೆಳೆದುಕೊಂಡೆ. ಹುದುಗು ಬಂದ ರಾಗಿ ಅಂಬಲಿ, ಅದರ ಕೆಳಗೆ ಮೋರಿಯ ಕೊಚ್ಚೆ, ಎಲ್ಲಕ್ಕಿಂತ ಕೆಳಗೆ ಸೀಮೆಎಣ್ಣೆಯಂಥದ್ದೇನೋ. ಹಾಗೇ ಹೇಳಿದೆ. "ಹಾಂ, ಅದು," ಎಂದು ತಲೆ ಆಡಿಸಿ ಮತ್ತೆ ಕೈ ಒಳಗಿಟ್ಟರು. ಹೊರಟು ನಿಂತಾಗ, "ಆ ವಾಸ್ನೇನೂ ಬರೀರಿ. ಪ್ಲಾಸ್ಟಿಕ್ ಎಷ್ಟು ಕೇಜಿ ಅಂತ ಎಲ್ಲಾರೂ ಬರೀತಾರೆ," ಅಂದರು.

ಬರೆದೆ. ಡೆಸ್ಕಿನವರು ಆ ಸಾಲು ತೆಗೆದರು. ಜನ ಬೆಳಿಗ್ಗೆ ಕಾಫಿ ಕುಡಿಯುತ್ತಾ ಓದುವ ಪತ್ರಿಕೆ ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಆ ಮೇಲೆ ದನಕರುಗಳ ಯಾವ ಸುದ್ದಿ ಬಂದರೂ ಅವರನ್ನು ಕೇಳುವುದು ರೂಢಿಯಾಯಿತು. ಎಷ್ಟು ಕೇಳಿದರೂ ಬೇಸರವಿಲ್ಲದೆ ಹೇಳುತ್ತಿದ್ದರು. ಕಷ್ಟವಾಗುತ್ತಿದ್ದದ್ದು ಕೇಳಿಸಿಕೊಳ್ಳುವವರಿಗೆ. ಒಂದು ಮಧ್ಯಾಹ್ನ ಅವರ ಮನೆಯಲ್ಲಿ ಮುದ್ದೆ, ಅವರೆಕಾಳು ಸಾರಿನ ಊಟ. ನಾನು ಮೊದಲ ತುತ್ತು ಮುರಿದಿದ್ದೆ.

"ಹಸ ಹುಲ್ಲು ತಿಂತದೆ ಅಂದ್ಕೊಂಡಿದ್ದೀರಿ ನೀವು," ಎಂದು ಶುರುಮಾಡಿದರು. "ಹುಲ್ಲನ್ನ ಅರಗಿಸೋಕೆ ಹಸೀನ ಕೈಲಿ ಆಗಕ್ಕಿಲ್ಲ. ನಮ್ಮ ಕಡೆ ತಟ್ಟೇಲಿ ರೇಷ್ಮೆ ಹುಳ ಸಾಕ್ತೀವಲ್ಲ, ಹಂಗೆ ಅದು ಹೊಟ್ಟೇಲಿ ಹುಳ ಸಾಕ್ತದೆ. ಕಣ್ಣಿಗೆ ಕಾಣದ್ದು. ಹುಲ್ಲು ಆ ಹುಳಕ್ಕೆ. ಹುಳ ತಿಂದು, ಮರಿ ಹಾಕಿ, ಕೊಬ್ಬಿ, ಮುಂದಿನ ಹೊಟ್ಟೆಗೆ ಹೋಯ್ತವೆ. ಅಲ್ಲಿ ಹಸ ಆ ಹುಳಾನೇ ಜೀರ್ಣ ಮಾಡ್ಕಂತದೆ. ಹಸ ಸಸ್ಯಾಹಾರಿ ಅಂತ ಯಾರು ಹೇಳಿದ್ದು ನಿಮಗೆ?"

"ಊಟದ ಹೊತ್ನಾಗೆ ಕರುಳು ಬಿಚ್ಬೇಡಿ ಅಂತ ಎಷ್ಟ್ ಸಲ ಹೇಳೋದು," ಎಂದು ಅವರ ಹೆಂಡತಿ ಒಳಗಿನಿಂದ ಅಂದರು.

"ಬಿಚ್ಚಿಲ್ಲ ಕಣೆ, ತೋರಿಸ್ತಾ ಇವ್ನಿ." ಸಾರಿನ ಬಟ್ಟಲನ್ನು ನನ್ನ ಕಡೆ ಸರಿಸಿದರು. "ನಮ್ಮದು ಇದಕ್ಕೆ ಉಲ್ಟಾ. ನಮ್ಮ ಹೊಟ್ಟೇಲಿ ಮೊದಲು ಆಸಿಡ್ಡು. ಬಂದಿದ್ದನ್ನೆಲ್ಲ ಸುಡ್ತದೆ. ಆಮೇಲೆ ದೊಡ್ಡ ಕರುಳಲ್ಲಿ ಹುಳ. ಹಸೀಗೆ ಮೊದಲು ಹುಳ, ಆಮೇಲೆ ಆಸಿಡ್ಡು. ಮೊದಲನೇ ಹೊಟ್ಟೇಲೇ ಹುಳಿ ಹೆಚ್ಚಾಗ್ಬುಟ್ರೆ ಹುಳ ಎಲ್ಲಾ ಸಾಯ್ತವೆ. ಹುಳ ಸತ್ರೆ ಹಸ ಸತ್ತಂಗೆ. ಮುಂದೆ ಎಷ್ಟೇ ಹುಲ್ಲು ಹಾಕು, ಗೋಣಿಚೀಲಕ್ಕೆ ತುಂಬಿದಂಗೆ."

ಆ ಮೇಲೆ ಮುದ್ದೆಯ ಸರದಿ. ಅಗಿಯದೆ ನುಂಗಿದ ತುತ್ತು ಹೊಟ್ಟೆಯಲ್ಲಿ ಹೇಗೆ ಹೊರಳುತ್ತದೆ, ಎಷ್ಟು ಹೊತ್ತಿಗೆ ಗಂಜಿಯಾಗುತ್ತದೆ, ಪಿತ್ತ ಸೇರಿದ ಮೇಲೆ ಯಾವ ಬಣ್ಣಕ್ಕೆ ತಿರುಗುತ್ತದೆ ಎಂಬ ವಿವರ. ನನ್ನ ತಟ್ಟೆಯಲ್ಲಿ ಸಾರೂ ಅದೇ ಬಣ್ಣಕ್ಕಿತ್ತು. ಅವರು ಮಾತ್ರ ಹಸಿಮೆಣಸಿನಕಾಯಿ ಒಂದರ ಮೇಲೊಂದು ಕಡಿಯುತ್ತಾ, ಕಣ್ಣಲ್ಲಿ ನೀರು ಬರುತ್ತಿದ್ದರೂ ಬಿಡದೆ ಊಟ ಮುಗಿಸಿದರು. ಇಷ್ಟು ಖಾರ ತಿನ್ನುವ ಶಿವಭಕ್ತರನ್ನು ನಾನು ನೋಡಿರಲಿಲ್ಲ.

ಹಸು ನೋಡಲು ಹೋದಲ್ಲೆಲ್ಲ ಅವರದು ಅದೇ ಪ್ರಶ್ನೆ, ಏನು ವಾಸನೆ. ಸಗಣಿಯನ್ನು ಕೈಯಲ್ಲಿ ಎತ್ತಿ ಹಸುವಿನ ಯಜಮಾನನ ಮೂಗಿನ ಹತ್ತಿರ ಹಿಡಿಯುತ್ತಿದ್ದರು. "ಸಗಣಿ ವಾಸ್ನೆ ಸಾ" ಎಂದರೆ ಬಿಡುತ್ತಿರಲಿಲ್ಲ. ಹುಳಿ, ಸುಟ್ಟ ಬೆಲ್ಲ, ಕೊಳೆತ ಮೊಟ್ಟೆ, ಹಸಿ ಹುಲ್ಲು, ಯಾವುದಾದರೊಂದು ಹೇಳಲೇಬೇಕು. ರೈತರು ಮುಖ ಸಿಂಡರಿಸಿಕೊಂಡು ಹೇಳುತ್ತಿದ್ದರು. ಮೇಷ್ಟರು ಪಾಠ ಒಪ್ಪಿಸಿಕೊಳ್ಳುವ ಹಾಗೆ ಇದು ಇವರ ಚಟ ಎಂದುಕೊಂಡಿದ್ದೆ. ಎಲ್ಲರೂ ಹಾಗೇ ಅಂದುಕೊಂಡಿದ್ದರು.

ನನ್ನ ಚಿಕ್ಕಮ್ಮ ರಾಮನಗರ, ಚನ್ನಪಟ್ಟಣದ ನಡುವೆ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದರು. ಗೃಹಪ್ರವೇಶ ಭಾನುವಾರ. ಹೊಸ ಮನೆಯೊಳಗೆ ಮೊದಲು ಹಸು ಕರು ಕಾಲಿಡಬೇಕು. ಹಸು ಒಳಗೆ ಬಂದಾಗ ಸಗಣಿ ಹಾಕಿದರೆ, ಗಂಜಲ ಬಿಟ್ಟರೆ ಮನೆಗೆ ಲಕ್ಷ್ಮಿ ಬಂದಂತೆ. ಬಡಾವಣೆಗಳಲ್ಲಿ ಹಸು ಸಾಕುವವರಿಲ್ಲ. ಹಾಗಾಗಿ ಸುತ್ತಲಿನ ಹಳ್ಳಿಗಳಿಂದ ಬಾಡಿಗೆಗೆ ಬರುತ್ತದೆ, ಲಗೇಜ್ ಆಟೋದಲ್ಲಿ. ನಮ್ಮಲ್ಲಿಗೆ ಬಂದದ್ದು ಗೌರಿ ಎಂಬ ಹಳ್ಳಿಕಾರ್ ಹಸು. ಅದರ ಜೊತೆಗೆ ಕರು, ಅದರ ಒಡತಿ. ಗಂಡ ಸತ್ತ ಹೆಂಗಸು, ಇರುವುದು ಇದೊಂದೇ ಹಸು. ಹಳ್ಳಿಕಾರ್ ಹಸು ಡೇರಿಗೆ ಹಾಕುವಷ್ಟು ಹಾಲು ಕೊಡುವುದಿಲ್ಲ. ನೋಡಲು ಲಕ್ಷಣ, ಕೊಂಬು ಚೆಂದ, ಮನೆಯೊಳಗೆ ಗಲಾಟೆ ಮಾಡುವುದಿಲ್ಲ ಎಂದು ಮುಹೂರ್ತದ ದಿನಗಳಲ್ಲಿ ಗೌರಿಗೆ ಬೇಡಿಕೆ. ಆ ಹೆಂಗಸಿನ ಮನೆಯ ಒಲೆ ಉರಿಯುತ್ತಿದ್ದದ್ದು ಅದರಿಂದಲೇ.

ಬಾಗಿಲಲ್ಲೇ ನೆಂಟರು ಸುತ್ತಿಕೊಂಡರು. ಅಕ್ಕಿ ಬೆಲ್ಲ ಕಲಸಿದ ಪರಾತವೇ ಹೊರಗೆ ಬಂತು. ಸಿಪ್ಪೆಸಮೇತ ಬಾಳೆಹಣ್ಣು, ಕೇಸರಿಬಾತು, ಯಾರೋ ಪಾಯಸವನ್ನು ದೊನ್ನೆಸಮೇತ. ತಿನ್ನಿಸಿದ ಕೈಯನ್ನು ಗೌರಿಯ ಹಣೆಗೆ ಒರೆಸಿ, ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು.

"ಒಸಿ ನಿಧಾನ ತಾಯಿ," ಎಂದಳು ಒಡತಿ. "ಶುಕ್ರವಾರದಿಂದ ಬಿಡುವಿಲ್ಲ ಅದುಕ್ಕೆ. ಇವತ್ತೂ ಆಗ್ಲೇ ಎರಡು ಮನೆ ಆಯ್ತು."

"ತಿನ್ಲಿ ಬುಡವ್ವ," ಎಂದರು ಚಿಕ್ಕಮ್ಮ. "ತಿಂದ್ರೆ ತಾನೆ ಒಳಗ್ ಬಂದು ಹಾಕೋದು."

ಈ ತಪ್ಪನ್ನು ಚಿಕ್ಕಮ್ಮ ಒಬ್ಬರೇ ಮಾಡಿದ್ದಲ್ಲ. ಶುಕ್ರವಾರದಿಂದ ಪ್ರತಿ ಮನೆಯವರೂ ಇದನ್ನೇ ಮಾಡಿದ್ದರು. ಬಾಗಿಲಲ್ಲಿ ತಿನ್ನಿಸಿದ್ದು ನಡುಮನೆಗೆ ಬರುವಷ್ಟರಲ್ಲಿ ಸಗಣಿಯಾಗುತ್ತದೆ ಎಂಬ ಲೆಕ್ಕ. ಇವತ್ತು ತಿಂದದ್ದು ಹೊರಗೆ ಬರಲು ನಾಳೆ, ನಾಡಿದ್ದಾಗುತ್ತದೆ. ಅಷ್ಟರಲ್ಲಿ ಹಸು ಇನ್ನೊಂದು ಮನೆಯ ಬಾಗಿಲಲ್ಲಿ ಇರುತ್ತದೆ.

ಗೌರಿ ಹೊಳೆಯುವ ಟೈಲ್ಸಿನ ಮೇಲೆ ಜಾರುತ್ತಾ ಒಳಗೆ ಬಂತು. ಮೊಬೈಲುಗಳು ಮೇಲೆದ್ದವು. ನಡುಮನೆಯ ಮಧ್ಯೆ ನಿಂತು ಬಾಲ ಎತ್ತಿತು. "ಹಾಕ್ತದೆ, ಹಾಕ್ತದೆ, ಯಾರೂ ಮಾತಾಡ್ಬೇಡಿ," ಎಂದು ಚಿಕ್ಕಮ್ಮ ಕೈಮುಗಿದರು.

ಬಂದದ್ದು ಸಗಣಿಯಲ್ಲ. ಬೂದು ಹಳದಿ ಬಣ್ಣದ ನೀರು, ನೊರೆ ನೊರೆಯಾಗಿ, ಪೈಪಿನಿಂದ ಬಿಟ್ಟ ಹಾಗೆ ಎದುರಿನ ಗೋಡೆಗೆ ಹೊಡೆಯಿತು. ಅದರಲ್ಲಿ ಇಡೀ ಅಕ್ಕಿ ಕಾಳುಗಳಿದ್ದವು. ಕೆಳಗೆ ಕೂತು ಮಂತ್ರ ಹೇಳುತ್ತಿದ್ದ ಅಯ್ನೋರ ಪಂಚೆಗೆ ಸಿಡಿಯಿತು. ಯಾರೋ "ಒಳ್ಳೇದಾಯ್ತು" ಎಂದೂ ಅಂದರು. ಆಮೇಲೆ ವಾಸನೆ ಎದ್ದಿತು. ಬೇಸಿಗೆಯಲ್ಲಿ ಮುಚ್ಚಿಟ್ಟು ಮರೆತ ದೋಸೆ ಹಿಟ್ಟಿನ ಹುಳಿ, ಅದು ಹತ್ತು ಪಾಲಾದರೆ ಹೇಗೋ ಹಾಗೆ, ಗಂಟಲಿನ ಹಿಂಭಾಗಕ್ಕೆ ಚುಚ್ಚುವಂಥದ್ದು. ಹೊಸ ವಾಷ್ ಬೇಸಿನ್ನಿನಲ್ಲಿ ಮೊದಲ ಬಾರಿಗೆ ನಡೆದ ಕೆಲಸ, ನಮ್ಮ ಸೋದರತ್ತೆ ವಾಂತಿ ಮಾಡಿಕೊಂಡದ್ದು. ವಿಡಿಯೋ ಮಾಡುತ್ತಿದ್ದ ಹುಡುಗಿ ಮೂಗು ಹಿಡಿದುಕೊಂಡೇ ಮಾಡುತ್ತಿದ್ದಳು.

ಗೌರಿ ಹಲ್ಲು ಕಡಿಯಿತು. ಹಿಂಗಾಲು ನಡುಗಿ ಕುಸಿಯಿತು.

"ಹೊರಗ್ ಎಳೀರೋ," ಎಂದು ಚಿಕ್ಕಮ್ಮ ಕೂಗಿದರು. "ಹೊಸಮನೇಲಿ ಹಸ ಸಾಯಂಗಿಲ್ಲ."

ಹಣೆಯಲ್ಲಿ ಅರಿಶಿನ ಕುಂಕುಮ ಇನ್ನೂ ಒಣಗದ ಹಸುವನ್ನು ನಾಲ್ಕೈದು ಜನ ಹಗ್ಗ ಹಾಕಿ ಎಳೆದು ಪಕ್ಕದ ಖಾಲಿ ಸೈಟಿಗೆ ಹಾಕಿದರು. ಒಳಗೆ ಫಿನಾಯಿಲ್ ಸುರಿದು ತೊಳೆದರು. ಸ್ವಲ್ಪ ಹೊತ್ತಿಗೆ ಒಗ್ಗರಣೆ ಸದ್ದು ಕೇಳಿತು. ಊಟಕ್ಕೆ ಎಲೆ ಹಾಕುತ್ತಿದ್ದರು. ಆ ದಿನ ನನಗೆ ಗೌರಿ ಹೊರಹಾಕಿದ್ದಕ್ಕಿಂತ ಹೆಚ್ಚು ಹೇಸಿಗೆ ಹುಟ್ಟಿಸಿದ್ದು ಆ ಒಗ್ಗರಣೆ.

ಶುಕ್ರವಾರದಿಂದ ನಡೆದದ್ದನ್ನೆಲ್ಲ ನಾನು ಫೋನಿನಲ್ಲಿ ಹೇಳಿದ್ದೆ. ಡಾಕ್ಟರು ಸ್ಕೂಟರಿನಲ್ಲಿ ಬಂದರು. ಅಂಗಿ ಬಿಚ್ಚಿ, ಕರಡಿಗೆ ಹಿಂದಕ್ಕೆ ಸರಿಸಿ, ಗೌರಿಯ ಎಡ ಪಕ್ಕೆಯ ಗುಳಿಗೆ ಮುಷ್ಟಿ ಒತ್ತಿ ಕಾದರು. ಒಳಗೆ ಅಲುಗಾಟವಿಲ್ಲ. ಹೊಟ್ಟೆಯನ್ನು ತಳ್ಳಿದಾಗ ತುಂಬಿದ ಕೊಡ ಕುಲುಕಿದ ಸದ್ದು.

"ಏನ್ ವಾಸ್ನೆ?" ಎಂದರು ನನ್ನ ಕಡೆ ನೋಡಿ.

"ಹುಳಿ ಸಾರ್. ಬರೀ ಹುಳಿ."

"ಶುಕ್ರವಾರದ್ದು," ಎಂದರು. "ಇವತ್ತು ತಿನ್ಸಿರೋದು ಇನ್ನೂ ಮೇಲ್ಗಡೆ ಐತೆ."

ದಪ್ಪ ಪೈಪನ್ನು ಗೌರಿಯ ಬಾಯಿಂದ ಹೊಟ್ಟೆಗೆ ಇಳಿಸಿದರು. ಬಿಸಿನೀರು ಬಿಟ್ಟು, ಪೈಪಿನ ತುದಿ ಕೆಳಗೆ ಹಿಡಿದರೆ ಒಳಗಿನದು ಹೊರಗೆ ಹರಿಯಿತು. ಹಾಲಿನಂಥ ಬೂದು ಗಂಜಿ, ಅಕ್ಕಿ, ಬಾಳೆಸಿಪ್ಪೆ, ದೊನ್ನೆಯ ಚೂರು. ಮತ್ತೆ ನೀರು, ಮತ್ತೆ ಗಂಜಿ. ಸೈಟಿನ ಕೆಂಪು ಮಣ್ಣು ಅದನ್ನು ಕುಡಿಯಲಾರದೆ ಮೇಲೆ ನೊರೆ ಬಿಟ್ಟಿತು. ಒಂದು ನಾಯಿ ಬಂದು ಮೂಸಿ ವಾಪಸ್ಸು ಹೋಯಿತು. ಹುಳಿ ಸಾಯಿಸಲು ಸೋಡಾ ಕದಡಿ ಒಳಗೆ ಬಿಟ್ಟರು, ಕುತ್ತಿಗೆಯ ನರಕ್ಕೆ ಬಾಟಲಿ ಹಾಕಿದರು. ಆಮೇಲೆ ಒಡತಿಯ ಹತ್ತಿರ ಕುಕ್ಕರಗಾಲಲ್ಲಿ ಕೂತರು.

"ನೋಡವ್ವ, ಹೊಟ್ಟೆ ತೊಳೆದಿದ್ದೀನಿ. ಆದ್ರೆ ಒಳಗೆ ಅರಗಿಸೋ ಹುಳ ಒಂದೂ ಉಳಿದಿರಕ್ಕಿಲ್ಲ. ಬ್ಯಾರೆ ದನದ ಹೊಟ್ಟೆ ರಸ ತಂದು ಹಾಕ್ಬೇಕು. ಅದರಲ್ಲಿ ಹುಳ ಇರ್ತವೆ. ನಿಮ್ಮೂರಾಗೆ ಯಾರಾದ್ರೂ ಹಸ ಕೊಡ್ತಾರಾ? ಪೈಪಲ್ಲಿ ಒಸಿ ತಗೀತೀನಿ."

ಅವಳು ಫೋನ್ ಮಾಡಿದಳು. ಒಬ್ಬರಾದ ಮೇಲೆ ಒಬ್ಬರಿಗೆ. ಹಸುವಿನ ಮೆಲುಕು ಬೇರೆ ಮನೆಗೆ ಕೊಟ್ಟರೆ ತಮ್ಮ ಹಸು ಸೊರಗುತ್ತದೆ ಎಂದು ಎಲ್ಲರೂ ಇಲ್ಲವೆಂದರು. ಒಬ್ಬ ಮೈದುನ ಬೈದೂ ಬಿಟ್ಟ.

"ಹಂಗಾದ್ರೆ ಕುರೀದು," ಎಂದರು ಡಾಕ್ಟರು. "ಇವತ್ತು ಭಾನುವಾರ. ಮಟನ್ ಅಂಗಡೀಲಿ ಈಗ್ಲೂ ಕೊಯ್ತಾ ಇರ್ತಾರೆ. ಬಿಸಿ ಇರೋವಾಗ್ಲೇ ತಂದು ಹಾಕಿದ್ರೆ ಹತ್ಕಂತದೆ."

ಅವಳು ಏನು ಲೆಕ್ಕ ಹಾಕುತ್ತಿದ್ದಾಳೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕಟುಕರ ಅಂಗಡಿಯ ರಸ ಹೊಟ್ಟೆಗೆ ಬಿದ್ದ ಹಸುವನ್ನು ಯಾವ ಮನೆಯವರು ಹೊಸಿಲು ದಾಟಿಸುತ್ತಾರೆ.

"ಯಾರ್ಗೂ ಗೊತ್ತಾಗ್ದಂಗೆ ಹಾಕಕ್ ಆಯ್ತದಾ ಸಾ?"

"ಆಗಕ್ಕಿಲ್ಲ ಕಣವ್ವ. ಕ್ಯಾನಲ್ಲಿ ತರೋದು. ವಾಸ್ನೆ ಬತ್ತದೆ. ಅಲ್ಲಿ ನೋಡು, ಮಹಡಿ ಮೇಲೆ ಎಷ್ಟ್ ಜನ ನಿಂತವ್ರೆ."

ಮಹಡಿಯಲ್ಲಿ ಊಟ ಮುಗಿಸಿದ ನೆಂಟರು ಎಲೆಅಡಿಕೆ ಹಾಕಿಕೊಂಡು ಕೆಳಗೆ ನೋಡುತ್ತಿದ್ದರು. ಅವಳು ಗೌರಿಯ ಕಿವಿ ಹಿಡಿದು ನೋಡಿದಳು. ಕಿವಿ ತಣ್ಣಗಾಗಿತ್ತು.

"ತನ್ನಿ ಸಾ," ಎಂದಳು. "ಕರೀದಿದ್ರೆ ಕತ್ತೆ ಬಾಲ. ಇದು ಇದ್ರೆ ತಾನೆ ಕರ್ಯೋದು, ಬುಡೋದು."

ಕ್ಯಾನು ಹಿಡಿಯಲು ಇನ್ನೊಂದು ಕೈ ಬೇಕೆಂದು ಡಾಕ್ಟರು ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡರು. ಹಾಲಿನ ಸ್ಟೀಲ್ ಕ್ಯಾನು. ಮಾಗಡಿಯ ಕಡೆಯ ಲಿಂಗವಂತರ ಮನೆಯಲ್ಲಿ ಬೆಳೆದ ನಾನು ಅಲ್ಲಿಯವರೆಗೆ ಮಟನ್ ಅಂಗಡಿಯ ಮುಂದೆ ನಡೆಯುವಾಗ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದೆ.

"ಬನ್ನಿ ಡಾಕ್ಟ್ರೇ," ಎಂದು ಅಂಗಡಿಯವರು ಕತ್ತಿ ಒರೆಸುತ್ತಾ ನಕ್ಕರು. "ಯಾವ ಕಾಲದಿಂದ ಬತ್ತಾ ಇದ್ದೀರಿ, ಒಂದ್ ಕೇಜಿ ಮಟನ್ ತಗಳ್ಳಿಲ್ಲ. ಬೇಡದ್ದನ್ನೇ ಕೇಳ್ತೀರಿ."

"ನಿಂಗೆ ಬೇಡದ್ದು ಕಣಯ್ಯ," ಎಂದರು ಇವರು.

ಹಿಂಬದಿಯಲ್ಲಿ ಕಲ್ಲುಚಪ್ಪಡಿ. ಅದರ ಮೇಲೆ ಆಗತಾನೆ ಹೊರತೆಗೆದ ಕುರಿಯ ಹೊಟ್ಟೆಗಳು, ಒದ್ದೆ ದಿಂಬುಗಳಂತೆ, ಇನ್ನೂ ಒಳಗೊಳಗೇ ಅಲುಗುತ್ತಿದ್ದವು. ನೊಣಗಳು ಎದ್ದು ಕೂರುತ್ತಿದ್ದವು. ಅಂಗಡಿಯವರು ಮೊದಲನೆಯದನ್ನು ಸೀಳಿದರು. ಡಾಕ್ಟರು ಬಗ್ಗಿ, ಮುಖವನ್ನು ಆ ಸೀಳಿನೊಳಗೇ ಇಟ್ಟರು. ಆಮೇಲೆ ತಲೆ ಎತ್ತಿ ನನ್ನನ್ನು ಕರೆದರು. ಮೂಗಿನ ತುದಿಯಲ್ಲಿ ಹಸಿರು ಹತ್ತಿತ್ತು.

"ಬನ್ನಿ. ಏನ್ ವಾಸ್ನೆ?"

ನನಗೆ ಸಿಟ್ಟು ಬಂತು. "ಈಗ ತಾನೆ ನೀವೇ ಮೂಸಿದಿರಲ್ಲ ಸಾರ್. ಅಲ್ಲಿ ಹಸು ಸಾಯ್ತಾ ಇದೆ. ಈಗಲೂ ಪರೀಕ್ಷೆ ಬೇಕಾ? ನಿಮಗೆ ಬರಲ್ವಾ?"

"ಇಲ್ಲ," ಎಂದರು.

ಅಂಗಡಿಯವರು ಮುಂಬದಿಗೆ ಗಿರಾಕಿ ನೋಡಲು ಹೋಗಿದ್ದರು. ಡಾಕ್ಟರು ದನಿ ತಗ್ಗಿಸಿದರು.

"ಕೊರೊನಾ ಬಂದು ಹೋದಾಗಿಂದ ಇಲ್ಲ. ಜ್ವರ ಹೋಯ್ತು, ಮೂಗು ವಾಪಸ್ ಬರ್ಲಿಲ್ಲ. ಸಾರೂ ಒಂದೇ, ಸಗಣಿಯೂ ಒಂದೇ ನಂಗೆ. ಮೆಣಸಿನಕಾಯಿ ಉರಿ ಒಂದು ಗೊತ್ತಾಯ್ತದೆ. ಇದು ಪೇಪರ್‌ಗೆ ಬೇಡ. ಮೂಗಿಲ್ಲದ ಡಾಕ್ಟ್ರನ್ನ ಯಾರು ಕರೀತಾರೆ?" ಸೀಳಿದ ಹೊಟ್ಟೆಯನ್ನು ನನ್ನ ಕಡೆ ಸರಿಸಿ, "ಬೇಗ ನೋಡಿ. ಆರೋಗ್ಯದ್ದಾದ್ರೆ ಹುಲ್ಲು ಬೇಯಿಸ್ದಂಗೆ ಇರ್ತದೆ. ಹುಳಿ ಇದ್ರೆ ಬೇಡ, ಕೊಳೆತಿದ್ರೂ ಬೇಡ. ತಪ್ಪು ಹೇಳಿದ್ರೆ ಆ ಹಸ ಉಳಿಯಕ್ಕಿಲ್ಲ," ಎಂದರು.

ಬಗ್ಗಿದೆ. ಬಿಸಿ ಆವಿ ಮುಖಕ್ಕೆ ಹೊಡೆಯಿತು. ಬೆಳಿಗ್ಗೆ ತಿಂದ ಉಪ್ಪಿಟ್ಟು ಗಂಟಲಿಗೆ ಬಂತು, ನುಂಗಿದೆ. ಮೂಸಿದೆ. ಕುದಿಸಿದ ಮೇವು, ಹುಣಸೆ ಚಿಗುರು, ಸ್ವಲ್ಪ ಹಿಪ್ಪುನೇರಳೆ ಸೊಪ್ಪು. "ಇದು ಆಗಬಹುದು," ಎಂದೆ. ಎರಡನೆಯದೂ ಹಾಗೇ ಇತ್ತು. ಮೂರನೆಯದರಲ್ಲಿ ಬೇರೆಯೇ ಒಂದು ವಾಸನೆ ತೆಳ್ಳಗೆ ಇತ್ತು. ಹುಳಿಯಲ್ಲ. ಸಿಹಿಯ ಹಾಗೆ ಶುರುವಾಗಿ, ಕೊನೆಯಲ್ಲಿ ಸತ್ತ ಇಲಿ. "ಇದು ಬೇಡ ಸಾರ್." ಅವರು ಕೂಡಲೇ ಅದನ್ನು ಬದಿಗೆ ತಳ್ಳಿದರು. ಸೋಸಲು ನಾನು ಕ್ಯಾನಿನ ಬಾಯಿಗೆ ಪಂಚೆಯ ಬಟ್ಟೆ ಹಿಡಿದೆ, ಅವರು ಬೊಗಸೆ ಬೊಗಸೆ ತುಂಬಿ ಹಿಂಡಿದರು. ಹಸಿರು ರಸ ನನ್ನ ಮೊಣಕೈವರೆಗೆ ಇಳಿದು, ಬಳೆಯೊಳಗೆ ಸೇರಿ ಅಂಟಿಕೊಂಡಿತು. ಕ್ಯಾನು ತುಂಬುವವರೆಗೆ ಅಂಗಡಿಯವರು ಹೊಸ ಹೊಟ್ಟೆಗಳನ್ನು ತಂದು ಹಾಕುತ್ತಲೇ ಇದ್ದರು. ನಾನು ಮೂಸುತ್ತಲೇ ಇದ್ದೆ.

ಮಹಡಿಯವರು ನೋಡುತ್ತಿದ್ದಂತೆಯೇ ಡಾಕ್ಟರು ಆ ರಸವನ್ನು ಪೈಪಿನಲ್ಲಿ ಗೌರಿಯ ಹೊಟ್ಟೆಗೆ ಇಳಿಸಿ, ಅದನ್ನು ಲಗೇಜ್ ಆಟೋದಲ್ಲಿ ಊರಿಗೆ ಕಳಿಸಿದರು. ಮರುದಿನ ಬೆಳಿಗ್ಗೆ ಒಡತಿಯ ಕೊಟ್ಟಿಗೆಗೆ ಹೋದೆವು. ಗೌರಿ ಮಲಗಿತ್ತು, ತಲೆ ಎತ್ತಿಕೊಂಡು. ನಾವು ನೋಡುತ್ತಿದ್ದಂತೆ ಅದರ ಕುತ್ತಿಗೆಯೊಳಗೆ ಉಂಡೆಯೊಂದು ಕೆಳಗಿನಿಂದ ಮೇಲಕ್ಕೆ ಹತ್ತಿತು. ದವಡೆ ಅಡ್ಡಡ್ಡ ಆಡಲು ಶುರುವಾಯಿತು. ಒಡತಿ ಸೆರಗು ಬಾಯಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದಳು. ಡಾಕ್ಟರು ನನ್ನ ಕಡೆ ನೋಡಿದರು. ಕೇಳುವ ಮೊದಲೇ ಹಸುವಿನ ಬಾಯಿಯ ಹತ್ತಿರ ಬಗ್ಗಿ ಮೂಸಿ, "ಹುಲ್ಲು ಸಾರ್," ಎಂದೆ. ಅದು ಬರೀ ಹುಲ್ಲಾಗಿರಲಿಲ್ಲ. ಕುರಿಯೂ ಇತ್ತು.

ಆ ಹಂಗಾಮು ಗೌರಿಯನ್ನು ಯಾರೂ ಕರೆಯಲಿಲ್ಲ. ಮಹಡಿ ಮೇಲಿದ್ದವರು ಸುದ್ದಿ ಹಬ್ಬಿಸಿದ್ದರು. ಅದರಲ್ಲಿ ನಮ್ಮ ಚಿಕ್ಕಮ್ಮನ ಪಾಲು ದೊಡ್ಡದು. ಒಡತಿ ರೇಷ್ಮೆ ಮನೆಗಳಲ್ಲಿ ಸೊಪ್ಪು ಕೊಯ್ಯುವ ಕೂಲಿಗೆ ಹೋದಳು. ಮುಂದಿನ ವರ್ಷ ದೂರದ ಬಡಾವಣೆಗಳವರು ಕೇಳಿಕೊಂಡು ಬಂದಾಗ ಗೌರಿಯನ್ನು ಕರೆದುಕೊಂಡು ಹೋದಳು, ಕಣ ತುಳಿಸುವಾಗ ಎತ್ತಿಗೆ ಹಾಕುವ ಬಾಯಿಕುಕ್ಕೆಯನ್ನು ಅದರ ಬಾಯಿಗೆ ಕಟ್ಟಿ. ತಿನ್ನಿಸಲಾಗದ ಹಸು ನಮಗೇಕೆ ಎಂದು ಹಲವರು ಬಾಗಿಲಿಂದಲೇ ವಾಪಸ್ಸು ಕಳಿಸಿದರು. ಕೆಲವರು ಒಪ್ಪಿದರು. "ಪೂಜೆ ಮಾಡಿ, ಕೈ ಮುಗೀರಿ. ಬಾಯಿಗ್ ಮಾತ್ರ ಬರ್ಬೇಡಿ," ಎಂದು ಅವಳು ಒಂದೇ ದನಿಯಲ್ಲಿ ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ.

ಅವಳ ಗುಟ್ಟು ಊರಿಗೆಲ್ಲ ಗೊತ್ತಾಯಿತು, ಡಾಕ್ಟರದು ಗೊತ್ತಾಗಲಿಲ್ಲ. ನಾನು ಬರೆಯಲಿಲ್ಲ. ಅದರ ಬದಲಿಗೆ ವಾರಕ್ಕೊಮ್ಮೆಯಾದರೂ ಅವರು ಫೋನ್ ಮಾಡುತ್ತಿದ್ದರು. "ಪೇಪರಮ್ಮ, ಒಂದ್ ಹತ್ತು ನಿಮಿಷ ಬನ್ನಿ, ನಿಮ್ ಮೂಗು ಬೇಕು." ನಾನು ಹೋಗುತ್ತಿದ್ದೆ, ಪ್ರತಿ ಸಲವೂ ಹೇಸಿಕೊಂಡು. ರೂಢಿಯಾಗುತ್ತದೆ ಎಂದು ಜನ ಹೇಳುತ್ತಾರೆ. ನನಗೆ ಆಗಲಿಲ್ಲ. ಒಮ್ಮೆ ಅದನ್ನು ಹೇಳಿದಾಗ, "ಆಗ್ಬಾರ್ದು. ರೂಢಿ ಆಗ್ಬುಟ್ರೆ ನಿಮ್ ಮೂಗೂ ನನ್ ಮೂಗಿನಂಗೇ," ಎಂದರು.

ಅವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಎಂದು ಗೊತ್ತಾದಾಗ ತಡವಾಗಿತ್ತು. ಬಹಳ ದಿನದಿಂದ ರಕ್ತ ಹೋಗುತ್ತಿದ್ದಿರಬೇಕು, ವಾಸನೆ ಬದಲಾಗಿದ್ದಿರಬೇಕು. "ಊರ್ ದನದ್ದೆಲ್ಲ ನೋಡಿದ್ರು, ತಮ್ದು ನೋಡ್ಕಳ್ಳಿಲ್ಲ," ಎಂದರು ಅವರ ಹೆಂಡತಿ ನನ್ನೊಂದಿಗೆ. ಆ ಮಾತಿನಲ್ಲಿ ಅಳುವಿಗಿಂತ ಸಿಟ್ಟು ಹೆಚ್ಚಿತ್ತು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಕರುಳಿನ ತುಂಡು ತೆಗೆದು, ಉಳಿದ ತುದಿಯನ್ನು ಹೊಟ್ಟೆಯ ಚರ್ಮಕ್ಕೆ ಹೊಲಿದು, ಹೊರಗೊಂದು ಚೀಲ ಅಂಟಿಸಿ ಕಳಿಸಿದರು.

ನೋಡಲು ಹೋದೆ. ಬಾಗಿಲಲ್ಲೇ ಊದಿನಕಡ್ಡಿಯ ಹೊಗೆ. ಕೋಣೆಯ ಮೂಲೆ ಮೂಲೆಯಲ್ಲೂ ಒಂದೊಂದು ಕಟ್ಟು ಹಚ್ಚಿಟ್ಟಿದ್ದರು. ನೆಂಟರು ಕಾಲಬಳಿ ನಿಂತು ಮಾತಾಡಿ ಬೇಗ ಹೊರಗೆ ಬರುತ್ತಿದ್ದರು. ಡಾಕ್ಟರು ಇಳಿದು ಹೋಗಿದ್ದರು. ಎರಡು ಕೈಗಳೂ ಈಗ ಒಂದೇ ಬಣ್ಣ.

ಹೆಂಡತಿಯನ್ನು ಕಾಫಿ ತರಲು ಕಳಿಸಿ, ಬಾಗಿಲು ಒರಗಿಸಲು ಹೇಳಿದರು. "ನೋಡಿ, ಈಗ ನನ್ ಕರುಳೂ ಹೊರಗ್ ಬಂದು ಕೂತೈತೆ. ನಿಮಗೆ ಬಿಡಿಸಿ ಹೇಳ್ಬೇಕಾಗಿಲ್ಲ," ಎಂದು ನಕ್ಕರು. ಆಮೇಲೆ ನಗು ಹೋಯಿತು. "ಮೈ ಒಸಿ ಬಿಸಿ ಅನ್ನಿಸ್ತೈತೆ. ವಾಸ್ನೆ ಬತ್ತಾ ಐತಾ ಅಂತ ಎಲ್ಲರನ್ನೂ ಕೇಳ್ದೆ. ಏನೂ ಇಲ್ಲ, ಏನೂ ಇಲ್ಲ ಅಂತಾರೆ. ಏನೂ ಇಲ್ದಿದ್ರೆ ಇಷ್ಟು ಊದಿನಕಡ್ಡಿ ಯಾಕೆ? ಹೊಗೆ ಕಣ್ಗೆ ಕಾಣ್ತದಲ್ಲ ನಂಗೆ. ನೀವು ಹೇಳಿ."

ಊದಿನಕಡ್ಡಿಗಳನ್ನು ಹೊರಗಿಟ್ಟು ಬಂದೆ. ಹೊದಿಕೆ ಸರಿಸಿದರು. ಬಗ್ಗಿದೆ. ಚೀಲದ್ದು ಚೀಲದ ವಾಸನೆ, ಮನುಷ್ಯರದು, ಅದಕ್ಕೆ ಹೆದರಬೇಕಾಗಿರಲಿಲ್ಲ. ಹೊಲಿಗೆಯ ಹತ್ತಿರ ಇನ್ನೊಂದು ಇತ್ತು. ಸಿಹಿಯ ಹಾಗೆ ಶುರುವಾಗುವಂಥದ್ದು. ಪೂರ್ತಿ ಉಸಿರೆಳೆದುಕೊಂಡು ಖಾತರಿ ಮಾಡಿಕೊಂಡೆ.

"ಬರ್ತಿದೆ ಸಾರ್."

"ಹುಳಿಯಾ?"

"ಅಲ್ಲ. ಆ ಮೂರನೇ ಕುರೀದು. ಬೇಡ ಅಂದಿದ್ನಲ್ಲ, ಅದು."

ಅವರು ತಲೆ ಆಡಿಸಿದರು. ಹಸುವಿನ ಪಕ್ಕೆಯ ಮೇಲೆ ಮುಷ್ಟಿ ಇಟ್ಟು ಕಾಯುವಾಗಿನ ಮುಖ ಅದು. "ಸರಿ. ಕಾರ್ ತರೋಕೆ ಹೇಳಿ," ಎಂದರು. ಆ ಸಂಜೆ ಆಸ್ಪತ್ರೆಯಲ್ಲಿ ಹೊಲಿಗೆ ಬಿಚ್ಚಿ ನೋಡಿದರು. ಒಳಗೆ ಕೀವು ಕಟ್ಟಿ ಕೊಳೆಯುತ್ತಿತ್ತು. ತೊಳೆದು, ಔಷಧ ಕೊಟ್ಟರು. ಇನ್ನೆರಡು ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರಂತೆ. ಅದರಿಂದ ಅವರಿಗೆ ಒಂದು ಮಳೆಗಾಲ ಸಿಕ್ಕಿತು. ಮತ್ತೆ ಮುದ್ದೆ ತಿಂದರು. ಜಗುಲಿಯಲ್ಲಿ ಕೂತು ರಸ್ತೆಯಲ್ಲಿ ಹೋಗುವ ದನಗಳ ಸಗಣಿಗೆ ಷರಾ ಬರೆದರು. ಆ ಜಗುಲಿಯಲ್ಲೇ ಒಂದು ದಿನ, "ನನ್ ಮೂಗಿನ ವಿಷ್ಯ, ನಾನು ಹೋದ್ಮೇಲೆ ಬರ್ಕಳಿ. ವಾಸ್ನೆ ಸಮೇತ ಬರೀರಿ. ಡೆಸ್ಕಿನೋರಿಗೆ ಹೇಳಿ, ನಾನೇ ಹೇಳಿದ್ದು ಅಂತ," ಎಂದರು.

ಮಳೆಗಾಲ ಮುಗಿಯುವ ಹೊತ್ತಿಗೆ ಕಾಯಿಲೆ ಲಿವರಿಗೆ ಹೋಗಿತ್ತು. ಅವರು ತೀರಿಕೊಂಡ ದಿನ ನಾನು ಕಳಿಸಿದ ಸುದ್ದಿ ಒಂದೇ ಕಾಲಂ, ನಿವೃತ್ತ ಪಶುವೈದ್ಯರ ನಿಧನ, ಸೇವೆ ಮಾಡಿದ ಊರುಗಳು, ಅಂತ್ಯಕ್ರಿಯೆಯ ಸಮಯ. ಅದರಲ್ಲಿ ಯಾವ ವಾಸನೆಯೂ ಇರಲಿಲ್ಲ. ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಲಿಂಗವಂತರ ಪದ್ಧತಿಯಂತೆ ಅವರನ್ನು ಮನೆಯ ಮುಂದೆ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವು, ಕರಡಿಗೆ ಎದೆಯ ಮೇಲೆ. ದೂರದ ಮಗಳು ಬರಲು ಕಾದು ಹೊತ್ತಾಗಿತ್ತು, ಬಿಸಿಲೇರಿತ್ತು. ವಿಭೂತಿ, ಮಲ್ಲಿಗೆ, ಕರ್ಪೂರ, ಎಲ್ಲವನ್ನೂ ದಾಟಿ ಒಂದು ವಾಸನೆ ಏಳಲು ಶುರುವಾಗಿತ್ತು. ಸುತ್ತಲೂ ಕರವಸ್ತ್ರಗಳು ಒಂದೊಂದೇ ಮೂಗಿಗೆ ಹೋದವು. ಗೌರಿಯ ಒಡತಿ ಬಂದು ನನ್ನ ಪಕ್ಕ ನಿಂತಳು.

"ವಾಸ್ನೆ ಬತ್ತಾ ಐತಲ್ವಾ ಮೇಡಮ್ಮೋರೆ," ಎಂದಳು ಮೆಲ್ಲಗೆ.

"ಹೌದಮ್ಮ," ಎಂದೆ.

ನನಗೆ ಆಗಲೂ ರೂಢಿಯಾಗಿರಲಿಲ್ಲ. ದುಪಟ್ಟಾ ಭುಜದ ಮೇಲೇ ಇತ್ತು, ಅದನ್ನು ಮೂಗಿಗೆ ತರಲಿಲ್ಲ. ಅವರು ಕೇಳಿದ್ದರೆ ಯಾರಾದರೂ ಹೇಳಬೇಕಿತ್ತಲ್ಲ.